ಮೊದಲನೇ ಜ್ವರದ ಹುಳ

ಶಾಮಲಾ ಹುಳದ ಮನೆಯಲ್ಲಿ ರೇಷ್ಮೆ ಮರಿಗಳಿಗೆ ಸೊಪ್ಪು ಹೆಚ್ಚುತ್ತಿದ್ದಳು. ಮಗಳು ಹರ್ಷಿತ ಓಡಿ ಬಂದಳು. "ಅಮ್ಮಾ, ಅಜ್ಜಿ ಹೊಸ ಸೀರೆ ಬಿಚ್ಚಿಟ್ಟು ಹಳೇದು ಉಟ್ಕೊಂಡೈತೆ. ಆಸ್ಪತ್ರೆಗೆ ಬರಲ್ವಂತೆ."

ಅತ್ತೆ ಲಕ್ಕಮ್ಮನಿಗೆ ಅಂದು ಬೆಂಗಳೂರಿನಲ್ಲಿ ಕ್ಯಾನ್ಸರಿನ ಮೂರನೇ ಇಂಜೆಕ್ಷನ್. ಗಂಡ ಕಾಂತರಾಜು ಆಗಲೇ ಕಾರು ತಿರುಗಿಸಿ ನಿಲ್ಲಿಸಿದ್ದ. ಲಕ್ಕಮ್ಮ ಮಾತ್ರ ಜಗಲಿಯ ಮೇಲೆ ಕೂತು, ಡೇರಿಗೆ ಹಾಲು ಕೊಡಲು ಹೊರಟಿದ್ದ ನೆರೆಮನೆಯ ಅಮ್ಮಯಮ್ಮನಿಗೆ ಪೇಪರಿನ ತುಂಡೊಂದನ್ನು ತೋರಿಸುತ್ತಿದ್ದಳು. ಅದರಲ್ಲಿ ಲಕ್ಕಮ್ಮನ ಮಗಳು ಸಂಘಮಿತ್ರ ಬಿಳಿ ಕೋಟು ತೊಟ್ಟು ನಿಂತಿದ್ದಳು. ಮೃದು ಹವಳದಲ್ಲಿ ಕ್ಯಾನ್ಸರ್ ತಡೆಯುವ ಅಂಶ ಕಂಡ ತಂಡದಲ್ಲಿ ಕುಂದಾಣದ ಹುಡುಗಿ ಎಂದು ಅವರ ಊರಿನ ಹೆಸರೂ ಸೇರಿಸಿ ಬರೆದಿತ್ತು.

"ಸಮುದ್ರದ ತಳದಾಗೆ ಹೂವಿನಂಗೆ ಇರ್ತದಂತೆ, ಆದ್ರೆ ಜೀವ ಐತಂತೆ. ಓಡೋಕೆ ಕಾಲಿಲ್ಲ, ಕಚ್ಚೋಕೆ ಹಲ್ಲಿಲ್ಲ. ಮೀನು ಬಾಯಿ ಹಾಕ್ದಂಗೆ ಮೈಯಾಗೇ ವಿಷ ಇಟ್ಕೊಂಡೈತೆ. ಆ ವಿಷದಿಂದ್ಲೇ ನನ್ ಮಗಳು ಔಷಧಿ ತೆಗೀತವಳೆ."

"ಅಲ್ಲೂ ಹುಳಾನೇ ಬೇಯಿಸ್ತಾಳೆ ಅನ್ನು" ಎಂದಳು ಅಮ್ಮಯಮ್ಮ.

"ಬೇಯಿಸಿದ್ರೇನೇ? ಅದು ಸೀರೆಗಲ್ಲ, ಜೀವಕ್ಕೆ. ಹೋಗು, ನಿನ್ ಹಾಲು ಒಡೆದೋಗ್ತದೆ."

ಜಗಲಿಗೆ ಬಂದ ಶಾಮಲಾ ಮೆಲ್ಲಗೆ, "ಅತ್ತೆ, ಹೊತ್ತಾಯ್ತು" ಎಂದಳು.

"ಹೆತ್ತ ಮಗಳೇ ಔಷಧಿ ಮಾಡ್ತಿರೋವಾಗ ಇನ್ಯಾರದೋ ಇಂಜೆಕ್ಷನ್ ನಂಗ್ಯಾಕೆ? ತಲೇಲಿ ಒಂದು ಕೂದಲು ಉಳಿಸಿಲ್ಲ. ಅವಳದೇ ಬರ್ಲಿ, ಕಾಯ್ತೀನಿ."

ಶಾಮಲಾ ನಾದಿನಿಗೆ ಫೋನು ಹಚ್ಚಿ, ವಿಷಯ ಹೇಳಿ, ಸ್ಪೀಕರ್ ಹಾಕಿ ಅತ್ತೆಯ ಕೈಗಿತ್ತಳು. ಅತ್ತ ಕಡೆಯಿಂದ ಸಂಘಮಿತ್ರಳ ದನಿ ಬಂತು.

"ಅಮ್ಮಾ, ಒಂದು ಮಂಕರಿ ಹವಳದಿಂದ ಸಾಸಿವೆಯಷ್ಟು ಸಿಗೋದೂ ಕಷ್ಟ. ಅದನ್ನೂ ಗಾಜಿನ ತಟ್ಟೇಲಿ ಮಾತ್ರ ಪರೀಕ್ಷೆ ಮಾಡಿರೋದು. ಮನುಷ್ಯರಿಗೆ ಕೊಡೋ ಹಂಗಿಲ್ಲ. ನಿನ್ ಮಾತಲ್ಲೇ ಹೇಳ್ತೀನಿ, ಇದಿನ್ನೂ ಮೊದಲನೇ ಜ್ವರಕ್ಕೆ ಕೂತಿರೋ ಹುಳ."

ನಲವತ್ತು ವರ್ಷ ರೇಷ್ಮೆ ಬೆಳೆದ ಲಕ್ಕಮ್ಮನಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಹುಳ ನಾಲ್ಕು ಸಲ ಮೇವು ಬಿಟ್ಟು ಜ್ವರಕ್ಕೆ ಕೂತು ಪೊರೆ ಕಳಚಬೇಕು, ಮೈ ಹಳದಿಯಾಗಿ ಹಣ್ಣಾಗಬೇಕು, ಗೂಡು ಕಟ್ಟುವುದು ಆಮೇಲೆ.

"ನಾಲ್ಕು ಜ್ವರ ದಾಟೋಕೆ ಎಷ್ಟು ದಿನ ಬೇಕು?"

"ದಿನ ಅಲ್ಲಮ್ಮ. ಹತ್ತು ವರ್ಷ, ಹದಿನೈದು ವರ್ಷ. ಗೂಡು ಆಗ್ದೇನೂ ಇರ್ಬೋದು."

"ಆಗ್ದೆ ಏನು? ಚಿಕ್ಕೋಳಿದ್ದಾಗ್ಲೂ ನೀನು ಮೇಯಿಸಿದ ತಟ್ಟೇಲಿ ಒಂದು ಹುಳ ಕೆಟ್ಟಿದ್ದು ನಾ ನೋಡಿಲ್ಲ" ಎಂದು ಲಕ್ಕಮ್ಮ ಫೋನು ಕೊಟ್ಟಳು. ಮುಖ ಅರಳಿತ್ತು. ಆದರೆ ಜಗಲಿ ಬಿಟ್ಟು ಏಳಲಿಲ್ಲ. ಕಾಂತರಾಜು ಒಂದು ಸಲ ಹಾರ್ನ್ ಒತ್ತಿದ.

ಹರ್ಷಿತ ಅಜ್ಜಿಯ ಚಪ್ಪಲಿ ತಂದು ಕಾಲ ಬಳಿ ಜೋಡಿಸಿಟ್ಟಳು. ಅಜ್ಜಿ ಉಳಿಯುತ್ತಾಳೋ ಇಲ್ಲವೋ ಎಂದು ಮೂರು ತಿಂಗಳಿಂದ ಆ ಮನೆಯಲ್ಲಿ ಯಾರೂ ಬಾಯಿಗೆ ತಾರದ ಮಾತನ್ನು ಅವಳು ತನ್ನ ರೀತಿಯಲ್ಲಿ ಕೇಳಿಬಿಟ್ಟಳು.

"ಸಂಘಮಿತ್ರತ್ತೆ ಹುಳ ಗೂಡು ಕಟ್ಟಿದ ದಿನ ಪೇಪರ್‌ನೋರು ನಮ್ಮನೆಗೇ ಬರ್ತಾರೆ. ಆಗ ಈ ಜಗಲಿ ಮೇಲೆ ನೀನು ಇರ್ಬೇಡ್ವಾ ಅಜ್ಜಿ?"