ಎಂಟರಲ್ಲೊಂದು ಬೆಳಕು

ಹಳೆಯ ಟೀವಿಯ ಪರದೆಯಿಂದ ಇವತ್ತು ಪ್ಲಾಸ್ಟಿಕ್ ಹಾಳೆ ಸುಲಿದಾಗ ಹಳಸಿದ ಹುಳಿಯ ವಾಸನೆ ಎದ್ದಿತು.

ಚಿಕ್ಕವಳಿದ್ದಾಗ ಗುಬ್ಬಿಯ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಂಥದೇ ವಾಸನೆಯ, ಬೆಳಕು ಸೋಸುವ ಮೂರು ಹಾಳೆಗಳನ್ನು ಸೋದರಮಾವ ತಂದುಕೊಟ್ಟಿದ್ದ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಕೊಬ್ಬರಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ರಿಪೇರಿ ಮಾಡುತ್ತಿದ್ದವನು. ಬಲ್ಬಿನ ಮುಂದೆ ಎರಡು ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿ ಇಟ್ಟರೆ ಕಗ್ಗತ್ತಲು. ನಡುವೆ ಮೂರನೆಯದನ್ನು ಓರೆಯಾಗಿ ತೂರಿಸಿದರೆ ಬೆಳಕು ಬರುತ್ತಿತ್ತು. “ಹಿಂಗೆ ಓರೆಯಾಗಿ ತೂರಿಸಿದ್ರೆ ಪ್ರತಿ ಹಾಳೆನೂ ಬಂದ ಬೆಳಕಲ್ಲಿ ಅರ್ಧ ನುಂಗ್ತದೆ ಕಣವ್ವ. ಮೂರು ದಾಟೋ ಹೊತ್ಗೆ ಎಂಟರಲ್ಲೊಂದು ಪಾಲು ಉಳೀತದೆ,” ಎಂದಿದ್ದ. ಅದನ್ನೇ ಸ್ಲೇಟಿನ ಮೇಲೆ ಬರೆದಿಟ್ಟಿದ್ದೆ.

ಮೇಷ್ಟ್ರು ಹಾಳೆಗಳತ್ತ ಕಣ್ಣೂ ಹಾಯಿಸಲಿಲ್ಲ. “ಎರಡಕ್ಕೇ ಬರದ ಬೆಳಕು ಮೂರಕ್ಕೆ ಬರ್ತದಾ? ಸೊನ್ನೆ ಅಂತ ಬರಿ. ಯಾರು ಹೇಳ್ಕೊಟ್ಟಿದ್ದು ಇದನ್ನ?”

ಮಾವ ಗ್ರೀಸ್ ಹತ್ತಿದ ಅಂಗಿಯಲ್ಲಿ ಬಾಗಿಲಲ್ಲೇ ನಿಂತಿದ್ದ.

“ಯಾರೂ ಇಲ್ಲ ಸಾರ್,” ಎಂದೆ. ಹಾಳೆಯ ಹುಳಿ ಅಂಟಿದ್ದ ಹೆಬ್ಬೆರಳನ್ನು ನೆಕ್ಕಿ, ಎಂಜಲಿನಿಂದಲೇ ಸ್ಲೇಟು ಒರೆಸಿ ಸೊನ್ನೆ ಬರೆದೆ. ಬಾಯಲ್ಲಿ ಉಳಿದ ಹುಳಿಯನ್ನು ನುಂಗಿಕೊಂಡೆ. ಪಕ್ಕದಲ್ಲಿ ಮೂರು ಹಾಳೆಗಳ ಹಿಂದಿನ ಬಲ್ಬು ಮಂಕಾಗಿ ಕಾಣುತ್ತಲೇ ಇತ್ತು.

ಸಂಜೆ ಆ ಸೊನ್ನೆಗೇ ನನಗೆ ಬಹುಮಾನ ಬಂತು. ಎಲ್ಲರಿಗಿಂತ ಮೊದಲು ಮಾವ ಚಪ್ಪಾಳೆ ತಟ್ಟಿದ.