ಮುಂಬಾಗಿಲ ಚಿಲಕ

ಗಿರಾಕಿಗಳೆಲ್ಲ ಕಿಟಕಿ ತಟ್ಟಿ, ಬಟ್ಟೆ ಕೊಟ್ಟು ಹೋಗುವವರು. ಇಂದು ಸದ್ದಾದದ್ದು ಬಾಗಿಲು. ದರ್ಜಿಯಮ್ಮ ಹೊಲಿಗೆ ನಿಲ್ಲಿಸಿ ಇಣುಕಿದಳು. ಓರಗಿತ್ತಿ. ದರ್ಜಿಯಮ್ಮನ ಗಂಡ ತೀರಿಕೊಂಡಾಗಲೂ ಇತ್ತ ತಲೆ ಹಾಕದಿದ್ದವಳು ಈಗ ಚೀಲ ಹಿಡಿದು ನಿಂತಿದ್ದಾಳೆ.

"ಮಾತಾಡೋಕೆ ಯಾರನ್ನಾದ್ರೂ ಕಳಿಸಪ್ಪ ಅಂದೆ, ನಿಜ. ಇವಳೇ ಸಿಕ್ಕಿದ್ಲಾ ದೇವ್ರೇ?" ಎಂದು ಗೊಣಗಿದಳು. ಆದರೆ 'ನೀನು ನಡೆಸಿದ ಹಾಗೆ ನಡೀತೀನಿ' ಎಂದು ಬೆಳಿಗ್ಗೆಯಷ್ಟೇ ಕೈಮುಗಿದಿದ್ದಳು.

ಹಿತ್ತಲಿನಿಂದಲೇ ಓಡಾಡುವವಳ ಮುಂಬಾಗಿಲ ಚಿಲಕ ತುಕ್ಕು ಹಿಡಿದು ಕೂತಿತ್ತು. ಎಳೆದಳು, ಜಗ್ಗಿದಳು, ಅಲುಗಲಿಲ್ಲ. ಹೊರಗೆ ಚಪ್ಪಲಿಯ ಸದ್ದು ಮೆಟ್ಟಿಲಿಳಿಯತೊಡಗಿತು. ಸದ್ಯ, ಕೈಲಾದದ್ದು ಮಾಡಿದೆ ಎಂದು ಸುಮ್ಮನಾಗಬಹುದಿತ್ತು.

"ಹೋಗ್ಬೇಡ ಕಣೇ," ಎಂದು ಕೂಗಿದಳು. "ಚಿಲಕ ಬಿಗಿದಿದೆ. ಆ ಕಡೆಯಿಂದ ಸ್ವಲ್ಪ ತಳ್ಳು."

ಬಾಗಿಲಿಗೆ ಮೈಭಾರ ಬಿತ್ತು.

"ತಳ್ತಿದ್ದೀನಿ ಅಕ್ಕಾ. ನೀವೂ ಎಳೀರಿ."