ಷಣ್ಮುಖಪ್ಪನ ಸಿಮೆಂಟು

ತಾರಸಿಗೆ ಷಣ್ಮುಖಪ್ಪ ಬೆರಳೊತ್ತಿದ. ಉಪ್ಪಿಟ್ಟಿನೊಳಗೆ ಇಳಿದ ಹಾಗೆ ಇಳಿಯಿತು. ಸ್ಲ್ಯಾಬ್ ಹಾಕಿ ವಾರ ಕಳೆದಿತ್ತು! ಮೈಯೆಲ್ಲ ಉರಿದುಹೋಯಿತು. ಬೆರಳಿಗೆ ಹತ್ತಿದ ಇರುವೆಗಳನ್ನೂ ಸಿಟ್ಟಿನಿಂದಲೇ ಕೊಡವಿದ.

ಅದು ೧೯೮೩. ನ್ಯಾಮತಿಯಲ್ಲಿ ಸಿಮೆಂಟ್ ಅಂದರೆ ಷಣ್ಮುಖಪ್ಪನ ಅಂಗಡಿಯದೇ ಎನ್ನುತ್ತಿದ್ದ ಕಾಲ. ತೀರಿಹೋದ ಅಪ್ಪನ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆಗೊಂದು ಕೋಣೆ ಕಟ್ಟಿಸಿಕೊಡಲು ಹೊರಟಿದ್ದ. ಈಗ ಊರೆಲ್ಲ ಒಂದೇ ಮಾತು: "ಅಪ್ಪನ ಕೋಣೆಗೇ ಬೂದಿ ಬೆರೆಸ್ಯಾನೆ, ಇನ್ನು ನಮ್ಮನ್ನ ಬಿಡ್ತಾನಾ?" ಗಿರಾಕಿಗಳು ಸಿಮೆಂಟಿಗೆಂದು ಹೊನ್ನಾಳಿಯ ಬಸ್ಸು ಹತ್ತತೊಡಗಿದರು.

"ನೀನೇ ಮೂಟೆ ಬದಲಾಯಿಸಿದ್ದು!" ಎಂದು ಸೊಕ್ಕೆ ಊರಿನಿಂದ ಕರೆಸಿದ್ದ ಮೇಸ್ತ್ರಿ ಗಾದ್ರಪ್ಪನ ಮೇಲೆ ಹರಿಹಾಯ್ದ.

"ದೇವ್ರಾಣೆ ಇಲ್ರೀ ಸಾವ್ಕಾರ್ರೆ. ಸಿಮೆಂಟು ನಿಮ್ದು, ತೊಟ್ಟಿ ನೀರೂ ನಿಮ್ಮ ಮನೇದು. ನಾನು ಕಲಸಿದ್ದಷ್ಟೆ."

ಆಡುವ ಬಾಯಿಗಳಿಗೆ ಬೀಗ ಹಾಕುವುದು ಹೇಗೆ? ತಾಯಿ ಸಿದ್ದಲಿಂಗಮ್ಮನೇ ಧೈರ್ಯ ಹೇಳಿದರು. "ನಿನ್ನ ಸಿಮೆಂಟು ಅಪ್ಪಟ ಐತೆ ಕಣಪ್ಪಾ. ಪರೀಕ್ಷೆ ಮಾಡ್ಸು. ಸತ್ಯ ಹೊರಗೆ ಬರ್ಲಿ."

ಅಂಗಡಿಯ ಮೂಟೆಯದೊಂದು ಪೊಟ್ಟಣ, ತಾರಸಿಯದೊಂದು ಪೊಟ್ಟಣ ಹಿಡಿದು ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋದ. ಇವತ್ತು ಯಂತ್ರ ಕೆಟ್ಟಿದೆ, ನಾಳೆ ಸಾಹೇಬರು ರಜೆ. ಥೂ, ಇದೂ ಒಂದು ಬಾಳೇ! ಅಲೆದಲೆದು ಚಪ್ಪಲಿ ಸವೆಯಿತು. ಅತ್ತ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ ಮಾತ್ರ ಉಳಿಯಿತು.

ಕೊನೆಗೊಂದು ದಿನ ವಿಜ್ಞಾನಿ ಕೂರಿಸಿಕೊಂಡು ವಿವರಿಸಿದರು. ಎಕ್ಸ್-ರೇ ಹಾಯಿಸಿದರೆ ಪುಡಿಯೊಳಗಿನ ಒಂದೊಂದು ಖನಿಜವೂ ತನ್ನದೇ ಗುರುತು ತೋರಿಸುತ್ತದಂತೆ. ಬೂದಿ ಇಲ್ಲ, ಕಲ್ಲುಪುಡಿಯ ಕಲಬೆರಕೆ ಇಲ್ಲ. ಎರಡೂ ಒಂದೇ ಸಿಮೆಂಟು, ಅಪ್ಪಟ. ಆದರೆ ತಾರಸಿಯದು ನೀರು ಕುಡಿದೂ ಬದಲಾಗದೆ ಹಾಗೇ ಕೂತಿತ್ತು.

"ಅನುಮಾನ ಬಂದು ಬೇರೆ ಪರೀಕ್ಷೆಯನ್ನೂ ಮಾಡಿದೆವು. ನೀರಿಗೆ ಯಾರೋ ಸಿಹಿ ಬೆರೆಸಿದ್ದಾರೆ. ಅದು ಸೇರಿದರೆ ಸಿಮೆಂಟು ಗಟ್ಟಿಯಾಗುವುದೇ ಇಲ್ಲ," ಎಂದರು.

ಷಣ್ಮುಖಪ್ಪ ಮೀಸೆ ತಿರುವುತ್ತಲೇ ಊರಿಗೆ ಬಂದ. "ಅವ್ವಾ, ನನ್ನ ಮರ್ಯಾದೆ ಉಳೀತು! ಯಾವನೋ ಮನೆಹಾಳ ನೀರಿಗೆ ಸಿಹಿ ಬೆರೆಸ್ಯಾನೆ. ನಾಳೆ ಊರೋರ್ನೆಲ್ಲ ಸೇರಿಸಿ ಅವನ ಮಾನ ಹರಾಜು ಹಾಕ್ತೀನಿ, ನೋಡ್ತಿರು!"

ಸಿದ್ದಲಿಂಗಮ್ಮ ಕಂಬ ಹಿಡಿದು ಮೆಲ್ಲಗೆ ಕೂತರು.

"ಹಿಂದೆ ಸುಣ್ಣದ ಗಾರೆಗೆ ಬೆಲ್ಲದ ನೀರು ಹಾಕಿದ್ರೆ ಕಲ್ಲಾಗ್ತಿತ್ತಲ್ಲಪ್ಪಾ... ನಿಮ್ಮಪ್ಪನ ಹೆಸರು ನೂರು ವರ್ಷ ನಿಲ್ಲಲಿ ಅಂತ, ತೊಟ್ಟಿಗೆ ಎರಡು ಪೆಂಟೆ ಬೆಲ್ಲ ನಾನೇ ಕರಗಿಸಿದ್ದೆ."